ಒಲೆಗೆ ಹಾಕದ ಚೀಟಿಗಳು

ನಮ್ಮ ಮನೆ ಮಾಲೀಕರ ದನಿ ನನಗೆ ಅವರಿಗಿಂತ ಚೆನ್ನಾಗಿ ಬರುತ್ತದೆ. ಇದನ್ನು ಜಂಬಕ್ಕೆ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಈಗ ತಪ್ಪೊಪ್ಪಿಗೆಯ ಹಾಗೆ ಹೇಳುತ್ತೇನೆ.

ಅವರು ಮಾತಿಗೆ ಮೊದಲು ಒಂದು ಸಣ್ಣ ಕೆಮ್ಮು ಕೆಮ್ಮುತ್ತಾರೆ, ಆಮೇಲೆ ‘ಹ್ಞಾಂ’ ಎನ್ನುತ್ತಾರೆ, ಪ್ರತಿ ವಾಕ್ಯದ ಬಾಲಕ್ಕೆ ‘ತಿಳೀತಿಲ್ಲೋ’ ಎಂದು ಕಟ್ಟುತ್ತಾರೆ. ಸವಣೂರಿನ ನಮ್ಮ ಓಣಿಯ ಗಣಪತಿ ಕಾರ್ಯಕ್ರಮದಲ್ಲಿ ನಾನು ಈ ಮೂರನ್ನೂ ಸೇರಿಸಿ ಅವರನ್ನು ವೇದಿಕೆಯ ಮೇಲೆ ನಿಲ್ಲಿಸುತ್ತಿದ್ದೆ. ಅವರಾದ ಮೇಲೆ ಶಿಗ್ಗಾವಿ ಬಸ್ಸಿನ ಕಂಡಕ್ಟರ್, ಅವರಾದ ಮೇಲೆ ನಮ್ಮ ಹೆಡ್‌ಮಾಸ್ತರು, ಕೊನೆಗೆ ನಾನು: ಕಟ್ಟೆಯ ಮೇಲೆ ಹುಲಿಯಂತೆ ಗುರುಗುಟ್ಟಿ, ಅವ್ವ ‘ಏ, ಹಿಟ್ಟು ಬೀಸಿಸ್ಕೊಂಡು ಬಾ’ ಎಂದು ಕೂಗಿದ ಕೂಡಲೇ ಬಾಲ ಮಡಚಿ ಗಿರಣಿಗೆ ಓಡುವವನು. ಜನ ಹೆಚ್ಚು ನಗುತ್ತಿದ್ದದ್ದು ಈ ಕೊನೆಯವನಿಗೆ.

ಅವ್ವ ಖಾನಾವಳಿ ನಡೆಸುತ್ತಾಳೆ. ಬಾಡಿಗೆ ಮನೆಯ ಪಡಸಾಲೆಯಲ್ಲಿ ನಾಲ್ಕು ಬೆಂಚು, ಒಳಗೆ ಎರಡು ಒಲೆ, ಜೋಳದ ರೊಟ್ಟಿ, ಎರಡು ಪಲ್ಯ, ಅಗಸಿ ಚಟ್ನಿ. ಅಪ್ಪ ಆ ಮನೆಯನ್ನು ಹಿಡಿದದ್ದು ಬರೀ ಇರುವುದಕ್ಕೆ. ಅವನು ತೀರಿಕೊಂಡ ವರ್ಷ ಅವ್ವ ಮಾಲೀಕರನ್ನು ಬಾಯಿಮಾತಿನಲ್ಲಿ ಕೇಳಿ ಒಲೆ ಹೂಡಿದಳು. ಅವರು ಬಾಯಿಮಾತಿನಲ್ಲೇ ಹ್ಞೂಂ ಅಂದರು. ಆಗ ರೈತರ ಕಾಳುಕಡಿ ಮಾರಿಸಿಕೊಡುವ ಅವರ ಅಡತಿ ಅಂಗಡಿ ನಮ್ಮ ಊರಲ್ಲೇ ಇತ್ತು. ಆಮೇಲೆ ವ್ಯಾಪಾರ ಬೆಳೆಸಿಕೊಂಡು ಹಾನಗಲ್ಲಿಗೆ ಹೋದರು. ನಮ್ಮ ಮನೆಯ ಮುಂದಿನ ರಸ್ತೆ ಅಗಲವಾಯಿತು. ಮನೆ ಕೆಡವಿ ಅಲ್ಲಿ ಮಳಿಗೆ ಸಾಲು ಕಟ್ಟಬೇಕೆಂಬ ಆಸೆ ಅವರಿಗೆ ಬಂತು.

ಕೋರ್ಟಿನ ಕಾಗದದಲ್ಲಿ ಇದ್ದದ್ದು ಇಷ್ಟು: ವಾಸಕ್ಕೆಂದು ಕೊಟ್ಟ ಮನೆಯಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ, ಅವರಿಗೆ ತಿಳಿಯದಂತೆ ಖಾನಾವಳಿ ನಡೆಸಲಾಗುತ್ತಿದೆ, ಆದ್ದರಿಂದ ಮನೆ ಖಾಲಿ ಮಾಡಿಸಿಕೊಡಬೇಕು. ‘ತಿಳಿಯದಂತೆ’ ಎಂಬ ಮಾತು ಓದಿ ನಾನು ನಕ್ಕೆ. ಅವ್ವ ನಗಲಿಲ್ಲ. ಹೊಗೆ, ಮಸಿ, ಗಿರಾಕಿಗಳ ಗದ್ದಲ ಎಂದು ಖಾನಾವಳಿಗೆ ಯಾರೂ ಮನೆ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಮನೆ ಹೋದರೆ ಅವಳ ಒಲೆ ಹೋದ ಹಾಗೆ.

ನಮ್ಮ ವಕೀಲರು ಶಿಗ್ಗಾವಿಯವರು, ಹೆಂಗಸು, ಹಾರ್ಡ್‌ವೇರ್ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಆಫೀಸು. ನಾವು ಅವರನ್ನು ಅಕ್ಕಾರ ಎನ್ನುತ್ತೇವೆ. ಮೊದಲ ದಿನ ಅವರು “ಒಪ್ಪಿಗಿ ಕೊಟ್ಟಿದ್ರು ಅನ್ನಾಕ ಏನೈತಿ?” ಎಂದು ಕೇಳಿದಾಗ ನಾನು ಎದೆ ಉಬ್ಬಿಸಿ, “ರೆಕಾರ್ಡ್ ಐತ್ರಿ ಅಕ್ಕಾರ!” ಅಂದೆ.

ಇತ್ತು, ಸುಳ್ಳಲ್ಲ. ಮೂರು ವರ್ಷದ ಹಿಂದೆ ಮಾಲೀಕರು ಊಟಕ್ಕೆ ಬಂದಿದ್ದರು. ಅವ್ವ ಎರಡನೆಯ ಒಲೆಯ ಮಾತು ತೆಗೆದಾಗ ಅವರು, “ಹ್ಞಾಂ, ಹಚ್ಚವ್ವಾ ಒಲಿ. ಹಚ್ಚಾಕ ನಾನ ಹೇಳೇನಿ, ಯಾರ ಕೇಳ್ತಾರ? ತಿಳೀತಿಲ್ಲೋ” ಅಂದರು. ನಾನು ಕದ್ದು ಫೋನಿನಲ್ಲಿ ಹಿಡಿದುಕೊಂಡೆ. ಸಾಕ್ಷಿಗಾಗಿ ಹಿಡಿದಿದ್ದರೆ ನಾನು ಜಾಣ. ಹಿಡಿದದ್ದು ಗಣಪತಿ ಕಾರ್ಯಕ್ರಮದ ತಾಲೀಮಿಗೆ.

ಅಕ್ಕಾರ ನಮ್ಮ ಉತ್ತರದಲ್ಲಿ ಅದನ್ನು ಬರೆದೇಬಿಟ್ಟರು: ಮಾಲೀಕರು ಒಪ್ಪಿದ ಮಾತಿನ ಧ್ವನಿಮುದ್ರಣ ನಮ್ಮ ಬಳಿ ಇದೆ.

ಸಾಕ್ಷ್ಯ ಹಾಜರುಪಡಿಸಲು ಕೋರ್ಟು ಕೊನೆಯ ಅವಕಾಶವೆಂದು ಒಂದು ಗುರುವಾರದ ತಾರೀಖು ಕೊಟ್ಟಿತು. ಮಂಗಳವಾರ ನಾನು ಆ ರೆಕಾರ್ಡ್ ಹಿಡಿದುಕೊಂಡು ಶಿಗ್ಗಾವಿಗೆ ಹೋದೆ. ನಡುವೆ ಆಗಿದ್ದೇನೆಂದರೆ, ಹಳೆಯ ಫೋನು ಕಟ್ಟಿನ ಸಾರಿನ ಬೋಗುಣಿಗೆ ಬಿದ್ದು ಸತ್ತಿತ್ತು. ಮೊಬೈಲ್ ಅಂಗಡಿಯವನು ಅದರ ಹೊಟ್ಟೆಯಿಂದ ಇದ್ದಬದ್ದದ್ದನ್ನೆಲ್ಲ ಕಾರ್ಡಿಗೆ ತುಂಬಿ ಹೊಸ ಫೋನಿಗೆ ಹಾಕಿಕೊಟ್ಟಿದ್ದ. ಎಲ್ಲದರ ಮೇಲೂ ಅವನು ತುಂಬಿದ ದಿನದ್ದೇ ತಾರೀಖು. ಕಾರ್ಡಿನಲ್ಲಿ ಆ ಮಾತಿನ ರೆಕಾರ್ಡ್ ಒಂದಲ್ಲ, ನಾಲ್ಕು ಇದ್ದವು. ಒಂದು ಅವರದ್ದು. ಮೂರು ನಾನು ಅದೇ ಮಾತನ್ನು ಅದೇ ಪಡಸಾಲೆಯಲ್ಲಿ ಅದೇ ಕೆಮ್ಮಿನೊಂದಿಗೆ ಹೇಳಿ ಹಿಡಿದದ್ದು.

ಅಕ್ಕಾರ ನಾಲ್ಕನ್ನೂ ಕೇಳಿದರು. ಮುಖದ ಮೇಲೆ ಏನೂ ತೋರಿಸದೆ ಕೇಳಿದರು.

“ಅವರದ್ದು ಯಾವುದು?”

“ಎರಡನೇದ್ದು ಇರಬೇಕ್ರಿ.”

“ಇರಬೇಕು ಅಂದ್ರ?”

“ಇಲ್ಲಾ ಮೂರನೇದ್ದು.”

“ತಮ್ಮಾ,” ಅವರು ಫೋನನ್ನು ನನ್ನ ಕಡೆ ಸರಿಸಿದರು. “ಇದನ್ನ ಕೊಡಬೇಕಂದ್ರ ಜೋಡಿ ಒಂದು ಪ್ರಮಾಣಪತ್ರಕ್ಕ ನೀ ಸಹಿ ಮಾಡಬೇಕು. ಇದು ಅವರದ ದನಿ, ನಾನ ಹಿಡಿದಿದ್ದು, ಏನೂ ಕೈಯಾಡಿಸಿಲ್ಲ ಅಂತ. ಸುಳ್ಳಾತಂದ್ರ ಅವ್ವನ ರೊಟ್ಟಿ ಬಿಟ್ಟು ಸರಕಾರದ ರೊಟ್ಟಿ ತಿನ್ನಾಕ ಹೋಗ್ತಿ. ಅವರ ವಕೀಲರು ಬಿಡೂದಿಲ್ಲ. ನಿನ್ನ ಗಣಪತಿ ವೇಷದ ವಿಡಿಯೊ ಇಡೀ ತಾಲೂಕಿನ ಫೋನಿನ್ಯಾಗ ಐತಿ.”

“ನಿಮ್ಮ ಫೋನಿನ್ಯಾಗೂ ಐತೇನ್ರಿ?”

“ಐತಿ. ನಕ್ಕೇನಿ. ಈಗ ನಗು ಬರವಲ್ದು.”

ಮನೆಗೆ ಬಂದು ಅವ್ವನಿಗೆ ಕೇಳಿಸಿದೆ. ಅವಳು ಹಿಟ್ಟಿನ ಕೈಯನ್ನು ಗಾಳಿಯಲ್ಲಿ ಹಿಡಿದು, ತಲೆ ವಾರೆ ಮಾಡಿ ಕೇಳಿದಳು. ಮೊದಲನೆಯದಕ್ಕೆ “ಅವರ” ಅಂದಳು. ಎರಡನೆಯದಕ್ಕೂ “ಅವರ”. ಮೂರನೆಯದಕ್ಕೆ ಸ್ವಲ್ಪ ತಡೆದು “ಇದೂ ಅವರ”. ನಾಲ್ಕನೆಯದು ಮುಗಿದಾಗ ನನ್ನನ್ನು ನೋಡಿದಳು.

“ಅಲ್ಲಲೇ, ಒಂದ ಮಾತು ನಾಲ್ಕ ಸಲ ಯಾಕ ಹೇಳ್ಯಾರ?”

ಹೆತ್ತ ತಾಯಿಗೂ ಗೊತ್ತಾಗದಷ್ಟು ಚೆನ್ನಾಗಿ ಮಾಡಿದ್ದೇನೆ ಎಂದು ಒಂದು ಕ್ಷಣ ನನಗೆ ಹಿಗ್ಗಾಯಿತು. ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಆಯಿತು. ಹಿಗ್ಗು ಇಳಿದ ಮೇಲೆ ಮೂರು ನನ್ನವೆಂದೂ, ಅವರದಕ್ಕೆ ನಾನು ಸಹಿ ಮಾಡಬೇಕೆಂದೂ ಹೇಳಿದೆ. “ಎರಡನೇದ್ದು ಅಂತ ಸಹಿ ಮಾಡಿಬಿಡ್ತೇನಿ,” ಎಂದೆ. “ಅವರು ಆ ಮಾತು ಹೇಳಿದ್ದಂತೂ ಖರೇನ ಐತಲ್ಲ.”

“ಹೇಳಿದ್ದು ಖರೇ. ಈ ದನಿ ಅವರದ ಅನ್ನೂದು ನಿನಗ ಗೊತ್ತೈತೇನು?”

“ಇಲ್ಲ.”

“ಮತ್ತ ಸುಮ್ನ ಕುಂದರು. ನೀ ಒಳಗ ಹ್ವಾದ್ರ ಹಿಟ್ಟು ಯಾರ ಬೀಸಿಸ್ಕೊಂಡು ಬರ್ತಾರ?”

ನಾನು ಶಿಗ್ಗಾವಿಯಿಂದ ಹೊರಡುವಾಗ ಅಕ್ಕಾರ ಹೇಳಿದ್ದನ್ನು ಆಗ ಅವಳಿಗೆ ಹೇಳಿದೆ: ಖಾನಾವಳಿಯ ಸಂಗತಿ ಮಾಲೀಕರಿಗೆ ಗೊತ್ತಿತ್ತು ಎಂದು ತೋರಿಸುವಂಥದ್ದು, ಅವರ ಕೈಬರಹದ್ದು ಒಂದು ಸಾಲಾದರೂ ಸಿಕ್ಕರೆ ಸಾಕಂತೆ. ಅವ್ವ ರೊಟ್ಟಿ ತಿರುವಿ ಹಾಕುತ್ತ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು:

“ಚೀಟಿ ಅದಾವಲ್ಲ.”

ಮಾಲೀಕರ ಅಂಗಡಿ ಸವಣೂರಿನಲ್ಲಿದ್ದಾಗ, ಮಾಲು ಹೆಚ್ಚು ಬಂದ ದಿನ ಅವರ ಹಮಾಲರಿಗೆ ಊಟ ನಮ್ಮಲ್ಲೇ. ಎಷ್ಟು ಜನ, ಏನು ಪಲ್ಯ ಎಂದು ಒಂದು ಚೀಟಿ ಬರೆದು ಮಾಲು ಸಾಗಿಸುವ ಟಂಟಂ ಗಾಡಿ ಹೊಡೆಯುವ ಕಾಕಾನ ಕೈಲಿ ಕಳಿಸುತ್ತಿದ್ದರು. ಅವರದ್ದು ಹಳೆಯ ಕಾಲದ ಅಡತಿ ಅಂಗಡಿಯ ಶಿಸ್ತು. ಲಕ್ಷದ ವ್ಯವಹಾರವಾಗಲಿ, ಎರಡು ಹೆಚ್ಚಿನ ರೊಟ್ಟಿಯಾಗಲಿ, ಕಾಗದದ ನೆತ್ತಿಗೆ ‘ಶ್ರೀ’ ಬರೆಯದೆ, ಪಕ್ಕದಲ್ಲಿ ಊರು ತಾರೀಖು ಹಾಕದೆ, ಕೆಳಗೆ ಸಹಿ ಎಳೆಯದೆ ಅವರ ಪೆನ್ನು ಏಳುತ್ತಿರಲಿಲ್ಲ. ನಮ್ಮ ಅವ್ವನಾದರೋ ಮನೆಗೆ ಬಂದ ಯಾವ ಕಾಗದವನ್ನೂ ಬಿಟ್ಟವಳಲ್ಲ, ಎಲ್ಲವೂ ಒಲೆ ಹೊತ್ತಿಸುವುದಕ್ಕೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೂದಲೆಳೆಯಲ್ಲಿ ಉಳಿದದ್ದು, ಉಳಿಯುವಂಥ ಅಂಕ ಅದರಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು. ಆದರೆ ಶ್ರೀ ಬರೆದ ಕಾಗದವನ್ನು ಬೆಂಕಿಗೆ ಹಾಕುವುದುಂಟೇ? ಅವನ್ನು ಮಾತ್ರ ಅವಳು ದೇವರ ಮಾಡದಲ್ಲಿ, ಹಣೆಗೆ ಹಚ್ಚುವ ಇಬತ್ತಿ ಉಂಡೆಗಳ ಡಬ್ಬಿಯಲ್ಲಿ ಮಡಚಿ ಹಾಕುತ್ತ ಬಂದಿದ್ದಳು.

“ಇಷ್ಟ ದಿನ ಯಾಕ ಹೇಳಲಿಲ್ಲ ಬೇ?” ನಾನು ಕೂಗಿದೆ.

“ನೀವು ದಾಖಲಿ ದಾಖಲಿ ಅಂದ್ರಿ. ಇದರಾಗ ಸ್ಟ್ಯಾಂಪ್ ಇಲ್ಲ, ಶಿಕ್ಕಾ ಇಲ್ಲ. ಚಟ್ನಿ ಐತಿ.”

ನಿಜವಾಗಿ ಚಟ್ನಿಯೇ ಇತ್ತು. ಊಟ ಬಡಿಸುತ್ತ ಇಸಿದುಕೊಂಡ ಚೀಟಿಗಳು, ಎಣ್ಣೆ ಕುಡಿದು, ಇಬತ್ತಿ ಹಿಡಿದು, ಒಂದಕ್ಕೊಂದು ಅಂಟಿ ಹಪ್ಪಳದ ಕಟ್ಟಿನಂತಾಗಿದ್ದವು. ಎಳೆದರೆ ಹರಿಯುತ್ತಿದ್ದವು. ಅವ್ವ ಹಂಚಿನ ಬಿಸಿಗೆ ದೂರದಿಂದ ಹಿಡಿದು, ಎಣ್ಣೆ ಸಡಿಲಾದ ಕೂಡಲೇ ಒಂದೊಂದನ್ನೇ ಬಿಡಿಸಿದಳು. ಎಣ್ಣೆ ಕಾಗದ, ಕೆಳಗೆ ಬೆಂಕಿ. ನಾನು ಉಸಿರು ಹಿಡಿದು ಪಕ್ಕದಲ್ಲಿ ಕೂತಿದ್ದೆ. ಒಂದರ ಮೂಲೆ ಚುರ್ ಎಂದಾಗ ನಾನು ಚೀರಿದೆ, ಅವಳು ಬೆರಳಿನಿಂದ ಒತ್ತಿ ಆರಿಸಿ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಸಂಜೆಯ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಚೀಟಿಗಳು ಚಾಪೆಯ ಮೇಲೆ ಒಣಗುತ್ತಿದ್ದವು.

ಫೋನಿನಲ್ಲಿ ಹೇಳಿದಾಗ ಅಕ್ಕಾರ ಖುಷಿಪಟ್ಟರು, ಕೂಡಲೇ ಖುಷಿಯನ್ನು ಕಟ್ಟಿಯೂ ಇಟ್ಟರು. “ನನ್ನ ಅಕ್ಷರ ಅಲ್ಲ ಅಂದುಬಿಟ್ರ? ತಂದುಕೊಟ್ಟವರು ಬಂದು ಹೇಳಿದ್ರ ಗಟ್ಟಿ. ಟಂಟಂದವರು ಎಲ್ಲದಾರ?”

ಕಾಕಾ ಈಗ ಹಿರೇಕೆರೂರು ಕಡೆ ಅಬಲೂರಿನಲ್ಲಿದ್ದ. ಬುಧವಾರ ಮುಂಜಾನೆ ಹೊರಟು, ಬಸ್ಸು ಬದಲಿಸಿ ಬದಲಿಸಿ, ಮಧ್ಯಾಹ್ನಕ್ಕೆ ಅಲ್ಲಿ ಮುಟ್ಟಿದೆ. ಹಳೆಯ ಗುಡಿಯ ನೆರಳಿನಲ್ಲಿ, ಶಾಸನದ ಕಲ್ಲಿನ ಹತ್ತಿರ ಮೂರು ಮಂದಿ ಮುದುಕರೊಡನೆ ಕೂತಿದ್ದ. ನನ್ನನ್ನು ನೋಡಿದವನೇ, “ಏ, ನಮ್ಮ ಸಾವಕಾರ್ರು ಬಂದ್ರು! ಒಂದು ಸಲ ಕೆಮ್ಮಲೇ!” ಎಂದ. ಕೆಮ್ಮಿದೆ. ಮುದುಕರು ನಕ್ಕರು. ಆಮೇಲೆ ಬಂದ ಕಾರಣ ಹೇಳಿದೆ. ಅವನ ನಗು ನಿಂತಿತು.

“ಚೀಟಿ ತಂದಾಂವ ನಾನ. ಸುಳ್ಳ ಹೇಳೂದಿಲ್ಲ,” ಎಂದ ಕಾಕಾ. “ಆದ್ರ ಕೋರ್ಟಿಗೆ ಬರಾಕ ಆಗೂದಿಲ್ಲ ತಮ್ಮಾ. ನನ್ನ ಮಗ ಹಾನಗಲ್ಲಾಗ ಅವರ ಅಂಗಡ್ಯಾಗ ಕೆಲಸಕ್ಕ ಅದಾನ. ಇಲ್ಲಿ ನಾ ಬಾಯಿ ಬಿಟ್ರ ಅಲ್ಲಿ ಅಂವ ಹೊರಗ ಬೀಳ್ತಾನ.”

“ಅಲ್ಲ ಕಾಕಾ, ಅವ್ವ ಹೊರಗ ಬಿದ್ರ?”

ಅವನು ಗುಡಿಯ ಕಡೆ ನೋಡಿದ, ನೆಲ ನೋಡಿದ. “ಚಲೋ ಹೆಣ್ಣಮಗಳು. ಕೇಳೇನಿ ಅಂತ ಹೇಳು,” ಎಂದ. ಅಷ್ಟೇ.

ತಿರುಗಿ ಬರುವಾಗ ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ನನಗೊಂದು ಬುದ್ಧಿ ಹೊಳೆಯಿತು. ಬುದ್ಧಿ ಅನ್ನಬಾರದು. ಕಾಕಾನ ನಂಬರ್ ನನ್ನಲ್ಲಿತ್ತು. ಅವನಿಗೆ ಕಿವಿ ಮಂದ, ವಯಸ್ಸಾಗಿದೆ; ಮಾಲೀಕರ ದನಿಯಲ್ಲಿ ಫೋನು ಮಾಡಿದರೆ ನಂಬುತ್ತಾನೆ. ‘ಹ್ಞಾಂ, ನಾನ ಮಾತಾಡಾಕತ್ತೇನಿ. ನಾಳೆ ಸವಣೂರಿಗೆ ಹೋಗಿ ಇದ್ದದ್ದು ಇದ್ದಂಗ ಹೇಳಿ ಬಾ. ನಿನ್ನ ಮಗಗ ಏನೂ ಆಗೂದಿಲ್ಲ. ತಿಳೀತಿಲ್ಲೋ.’ ಕಬ್ಬಿನ ಹಾಲಿನ ಗಾಡಿಯ ಮರೆಗೆ ನಿಂತು ಒಂದು ಸಲ ಮೆಲ್ಲಗೆ ಹೇಳಿ ನೋಡಿದೆ. ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಮುದುಕಿ, ಯಾವ ದೊಡ್ಡ ಮನುಷ್ಯ ಬಂದನೋ ಎಂದು ಸೆರಗು ಸರಿಮಾಡಿಕೊಂಡು ಹಿಂದೆ ನೋಡಿದಳು. ಅಷ್ಟು ಚೆನ್ನಾಗಿ ಬಂದಿತ್ತು. ಬೆರಳು ಹಸಿರು ಗುಂಡಿಯ ಮೇಲೆ ಇತ್ತು. ಕಾಕಾ ಆ ಮಾತು ನಂಬಿ ಬರುತ್ತಾನೆ, ಹೇಳುತ್ತಾನೆ, ಮರುದಿನ ಅವನ ಮಗ ಅಂಗಡಿಯ ಹೊರಗೆ ನಿಂತಿರುತ್ತಾನೆ. ಆಗ ಕಾಕಾ ಯಾರನ್ನು ಕೇಳಬೇಕು? ಫೋನನ್ನು ಜೇಬಿಗೆ ಹಾಕಿ ಬಸ್ ಹತ್ತಿದೆ. ಪುಣ್ಯವಂತನ ಹಾಗೇನೂ ಅನ್ನಿಸಲಿಲ್ಲ. ಬರಿಗೈ, ಮತ್ತು ನಾಳೆ ಗುರುವಾರ.

ಗುರುವಾರ ಹತ್ತು ಗಂಟೆಗೆ ಸವಣೂರು ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಾನು, ಅವ್ವ, ಅಕ್ಕಾರ. ಚೀಟಿಗಳ ಪ್ರತಿ ತೆಗೆದರೆ ಎಣ್ಣೆ ಇದ್ದಲ್ಲೆಲ್ಲ ಕಪ್ಪು ಬಂತು. ಅಂಗಡಿಯವನು ಗಾಜು ಒರೆಸುತ್ತ, “ಇವು ದಾಖಲೇನೋ, ಭಜಿ ಕಟ್ಟಿದ ಕಾಗದಾನೋ?” ಎಂದ. ಬೇರೆ ದಿನವಾಗಿದ್ದರೆ ಅವನ ದನಿಯನ್ನು ಅವನಿಗೇ ತಿರುಗಿಸಿ ಕೊಡುತ್ತಿದ್ದೆ. ಅಕ್ಕಾರ ಮಾತ್ರ ಯಾವುದನ್ನೂ ಕೇಳಿಸಿಕೊಳ್ಳದೆ ಒಂದೊಂದೇ ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಒಂದನ್ನು ಎರಡು ಸಲ ಓದಿ ಕಟ್ಟಿನ ಅಡಿಗೆ ಸೇರಿಸಿದರು. ಏನೆಂದು ಕೇಳಿದೆ. “ಸುಮ್ನ ಬಾ,” ಅಂದರು.

ಒಳಗೆ ಮಾಲೀಕರ ವಕೀಲರು ಮೊದಲು ಹಿಡಿದದ್ದು ನನ್ನ ಬಾಲವನ್ನೇ. “ಸ್ವಾಮಿ, ಧ್ವನಿಮುದ್ರಣ ಇದೆ ಎಂದು ಉತ್ತರದಲ್ಲಿ ಹೇಳಿದ್ದಾರೆ. ಈವರೆಗೆ ಕೊಟ್ಟಿಲ್ಲ. ಬಾಡಿಗೆದಾರರ ಮಗ ನಮ್ಮ ಕಕ್ಷಿದಾರರ ದನಿಯನ್ನು ವೇದಿಕೆ ಮೇಲೆ ಅನುಕರಿಸುವ ಹುಡುಗ. ಅದರ ಅರ್ಥ ನ್ಯಾಯಾಲಯಕ್ಕೆ ಬಿಟ್ಟದ್ದು.”

ಅಕ್ಕಾರ ಎದ್ದು, ಧ್ವನಿಮುದ್ರಣವನ್ನು ನಾವು ಆಧರಿಸುವುದಿಲ್ಲ ಎಂದು ಬರೆದ ಹಾಳೆ ಕೊಟ್ಟರು. ನ್ಯಾಯಾಧೀಶರು ಓದಿ, “ಯಾಕೆ?” ಎಂದರು. ಅಕ್ಕಾರ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ವೇದಿಕೆಯ ಮೇಲೆ ಊರವರ ದನಿ ಹೊರಡಿಸುವವನು ಆ ಹೊತ್ತು ನನ್ನ ದನಿಯಲ್ಲೇ ಹೇಳಬೇಕಾಯಿತು.

“ಸರ್, ನಾಲ್ಕು ಅದಾವ್ರಿ. ಒಂದು ಅವರದು, ಮೂರು ನಂದು. ಯಾವುದು ಯಾರದು ಅಂತ ನನಗ ಗೊತ್ತಾಗವಲ್ದ್ರಿ. ಅದಕ್ಕ ಕೊಟ್ಟಿಲ್ರಿ.”

ಯಾರೋ ಹಿಂದೆ ಕಿಸಕ್ಕೆಂದರು. ನ್ಯಾಯಾಧೀಶರು ನನಗೆ “ಕೂತ್ಕೊ,” ಎಂದರು. ಚೀಟಿಗಳನ್ನು ಹಾಜರುಪಡಿಸಲು ತಡವಾಯಿತೆಂದು ಅವರ ವಕೀಲರು ವಾದಿಸಿದರು. ಕೊನೆಯ ಅವಕಾಶ ಎಂದರೆ ಇದೇ ಎಂದು ನ್ಯಾಯಾಧೀಶರು ಒಪ್ಪಿಕೊಂಡರು. ನಂತರ ಪಾಟೀಸವಾಲಿಗೆ ಮಾಲೀಕರನ್ನು ಕರೆದರು.

ವರ್ಷದ ಮೇಲಾಗಿತ್ತು ಅವರನ್ನು ನೋಡಿ. ಸೊರಗಿದ್ದರು. ಕಟಕಟೆ ಹಿಡಿದು ನಿಂತು ಸಣ್ಣಗೆ ಕೆಮ್ಮಿದರು. ಹಿಂದಿನ ಬೆಂಚಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ಎರಡೂ ಕೈ ಎತ್ತಿ, ನಾನಲ್ಲ ಎಂದು ತೋರಿಸಬೇಕಾಯಿತು.

ಅಕ್ಕಾರ ಮೇಲಿನ ಚೀಟಿ ಕೊಟ್ಟರು. “ಈ ಅಕ್ಷರ ಯಾರದ್ರಿ?”

ಮಾಲೀಕರು ಕನ್ನಡಕ ಏರಿಸಿಕೊಂಡರು. ಅಲ್ಲ ಅಂದರೆ ನಮ್ಮ ಕೈಲಿ ಕಾಕಾ ಇಲ್ಲ. ಅವ್ವನ ಬೆರಳು ನನ್ನ ಅಂಗಿಯ ತೋಳನ್ನು ಹಿಂಡುತ್ತಿತ್ತು. ಅವರು ನೆತ್ತಿಯ ಮೇಲಿನ ಶ್ರೀಯನ್ನು ನೋಡಿದರು, ಸಹಿಯನ್ನು ನೋಡಿದರು. ಶ್ರೀ ಹಾಕಿ ಬರೆದದ್ದನ್ನು ತನ್ನದಲ್ಲ ಎನ್ನಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ.

“ನಂದ ಐತ್ರಿ.”

ನಾನು ಉಸಿರು ಬಿಡುವಷ್ಟರಲ್ಲಿ ಅವರೇ ಮುಂದುವರಿಸಿದರು: “ಆದ್ರ ಅದರಾಗೇನೈತ್ರಿ? ನಮ್ಮ ಬಾಡಿಗಿ ಮನ್ಯಾಗಿನ ಹೆಣ್ಣಮಗಳು. ಮನ್ಯಾಗ ಅಡಗಿ ಮಾಡಿದ್ದನ್ನ ನಮ್ಮ ಹಮಾಲರಿಗೂ ಹಾಕ್ಯಾಳ. ಮನಿ ಊಟ. ಖಾನಾವಳಿ ಐತಿ ಅಂತ ನನಗ ಗೊತ್ತಿರಲಿಲ್ಲ.”

ಟೈಪಿಸ್ಟ್ ಟಪಟಪ ಬಡಿದ. ಒಂದು ಮಾತಿಗೆ ಇಪ್ಪತ್ತು ಚೀಟಿಗಳೂ ಬರೀ ಕಾಗದವಾದವು. ಅವರ ವಕೀಲರು ಕುರ್ಚಿಗೆ ಒರಗಿದರು. ಅವ್ವ ನನ್ನ ಕಿವಿಯಲ್ಲಿ, “ಏನಂದ್ರು? ಮನಿ ಊಟ ಅಂದ್ರಾ? ಚಲೋ ಅಂದ್ರಾ, ಕೆಟ್ಟಂದ್ರಾ?” ಎಂದು ಕೇಳಿದಳು.

ಅಕ್ಕಾರ ಅವಸರ ಮಾಡಲಿಲ್ಲ. ಕಟ್ಟಿನ ಅಡಿಯಿಂದ ಒಂದು ಚೀಟಿ ಎಳೆದು ಕೊಟ್ಟು, “ಇದನ್ನ ಜೋರಾಗಿ ಓದ್ರಿ,” ಎಂದರು.

ಅವರು ಓದತೊಡಗಿದರು. ಅರ್ಧಕ್ಕೆ ದನಿ ಸಣ್ಣದಾಯಿತು. ನ್ಯಾಯಾಧೀಶರು ಜೋರಾಗಿ ಓದಲು ಹೇಳಿದರು. “ಇಂದು ಸಂತಿ ದಿವಸ ಇರುವುದರಿಂದ ನಿಮ್ಮ ಖಾನಾವಳಿಗೆ ಗಿರಾಕಿ ಬಹಳ ಬರುತ್ತಾರೆ. ಆದ ಕಾರಣ ನಮ್ಮ ಎಂಟು ಹಮಾಲರನ್ನು ಮೊದಲ ಪಂಕ್ತಿಗೆ ಕೂಡ್ರಿಸಿ ಕಳಿಸುವುದು.”

“ಖಾನಾವಳಿ ಅಂತ ಬರದವರು ಯಾರ್ರಿ?”

ಅವರು ಕನ್ನಡಕ ತೆಗೆದರು. ತಮ್ಮ ವಕೀಲರನ್ನು ನೋಡಿದರು. ಆಮೇಲೆ, ಯಾಕೋ, ಅವ್ವನನ್ನು ನೋಡಿದರು. ಅವ್ವ ರೂಢಿಯಂತೆ ತಲೆ ಬಾಗಿಸಿ, ಸೆರಗು ಸರಿಮಾಡಿಕೊಂಡಳು. ಊಟಕ್ಕೆ ಬಂದಾಗ ಮಾಡುತ್ತಿದ್ದಂತೆ.

“ನಾನ,” ಎಂದರು ಮಾಲೀಕರು.

ಅಕ್ಕಾರ ತಾರೀಖನ್ನೂ ಓದಲು ಹೇಳಿದರು, ಅವರು ಓದಿದರು. ನೋಟೀಸು ಕಳಿಸುವುದಕ್ಕೆ ಎಷ್ಟೋ ವರ್ಷ ಮೊದಲಿನದು. ಅಕ್ಕಾರ “ಇಷ್ಟ ಸಾಕ್ರಿ” ಎಂದು ಕೂತರು.

ಆಮೇಲೆ ಅವ್ವನ ಸಾಕ್ಷಿಯಾಯಿತು. ಎರಡೂ ಕಡೆಯವರ ವಾದ ನಡೆಯಿತು, ತಾರೀಖಿನ ಮೇಲೆ ತಾರೀಖು ಬಿತ್ತು. ತೀರ್ಪಿನ ದಿನ ನ್ಯಾಯಾಧೀಶರು ಒಂದೇ ಸಾಲು ಓದಿದರು, ದಾವೆ ವಜಾ ಆಗಿದೆ ಎಂದು. ನಮಗೆ ಅದು ಗೆಲುವೆಂದು ತಿಳಿಯಲು ಅಕ್ಕಾರ ಹೊರಗೆ ಬಂದು ಹೇಳಬೇಕಾಯಿತು.

“ಅಂದ್ರ ಇರಬಹುದೇನ್ರಿ ನಾವು?” ಅವ್ವ ಕೇಳಿದಳು.

“ಇರ್ರಿ. ಅವರು ಮ್ಯಾಲಿನ ಕೋರ್ಟಿಗೆ ಹೋಗಬಹುದು, ಹೋದಾಗ ನೋಡೂಣು.”

ಅವ್ವನ ಮುಖ ಇನ್ನೂ ಬಿಚ್ಚಲಿಲ್ಲ. ಕೇಸು ನಡೆದಷ್ಟು ದಿನ ಮನೆಯಲ್ಲಿ ಏನನ್ನೂ ಬದಲಾಯಿಸಬಾರದು ಎಂಬ ಹೆದರಿಕೆಗೆ ನಾವು ಗೋಡೆಗೆ ಮೊಳೆ ಸಹ ಹೊಡೆದಿರಲಿಲ್ಲ. ಒಂದು ಒಲೆಯ ಕಟ್ಟೆ ಸೀಳಿ, ಕೆಂಡ ಹೊರಗೆ ಉರುಳಿ, ಎರಡು ಸಲ ಅವಳ ಕಾಲು ಸುಟ್ಟಿತ್ತು. “ಒಲಿ ಕಟ್ಟಿ ಒಡದೈತ್ರಿ ಅಕ್ಕಾರ. ಮಣ್ಣ ಮೆತ್ತಬಹುದೇನು?”

ಅಕ್ಕಾರ ನಕ್ಕರು. ನಕ್ಕು, ಯೋಚಿಸಿ ಹೇಳಿದರು: “ಮೆತ್ರಿ. ಆದ್ರ ಈ ಸಲ ಬಾಯಿಮಾತ ಬ್ಯಾಡ. ಮೊದಲ ಅವರಿಗೆ ಒಂದು ಕಾಗದ ಹಾಕ್ರಿ.”

ಅವ್ವ ಹೇಳಿದಂತೆ ನಾನು ಬರೆದೆ. ಒಂದು ಕುಚೋದ್ಯವೂ ಇಲ್ಲದ ನನ್ನ ಜೀವನದ ಮೊದಲ ಬರವಣಿಗೆ. ಹಾನಗಲ್ಲಿಗೆ ರಿಜಿಸ್ಟರ್ ಮಾಡಿದೆ. ಎಂಟು ದಿನ ಕಾದೆವು, ಉತ್ತರ ಬರಲಿಲ್ಲ. ಒಂಬತ್ತನೆಯ ದಿನ ಮುಂಜಾನೆ ಅವ್ವ ಕೆರೆಯಂಗಳದಿಂದ ಒಂದು ಬುಟ್ಟಿ ಮಣ್ಣು ತಂದು, ಹೊಟ್ಟು ಸೇರಿಸಿ ಕಲಸಿ, ಒಲೆಗೆ ಮೆತ್ತಿದಳು. ನಾನು ಅಂಚೆಯ ರಸೀದಿಯನ್ನು ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎತ್ತಿಟ್ಟೆ.